ಬರೆ ಹಾಕಿದ ಕೈ

ಜನವರಿ 8, ಸೋಮವಾರ

ಮತ್ತೆ ಇಟ್ಟಂಗಿ. ಇವತ್ತು ಮೂವರಿಗೆ ಅದೇ ಪ್ರಶ್ನೆ — ಒಂದು ಇಟ್ಟಂಗಿಯನ್ನು ಎಷ್ಟು ಬಗೆಯಲ್ಲಿ ಬಳಸಬಹುದು, ಹೇಳಿ. ಕವಿಯೊಬ್ಬರು ತಲೆದಿಂಬು ಎಂದರು, ಎಂದವರೇ ಕಣ್ಣು ಮುಚ್ಚಿ ಕೂತರು. ನೃತ್ಯ ಕಲಿಸುವವರು ಇಟ್ಟಂಗಿಯ ಮೌನ ಕೇಳಬಹುದು ಎಂದರು. ಬರೆದುಕೊಂಡೆ. ಅಂಕ ಹಾಕಿದೆ. ಮೂರನೆಯವರು ಜಾಹೀರಾತು ಮಾಡುವವರು, ಗಡಿಬಿಡಿಯಲ್ಲಿದ್ದರು. ನಿಮ್ಮ ಸರ್ ತಲೆಮ್ಯಾಲೆ ಹಾಕಬಹುದು ನೋಡ್ರಿ ಎಂದರು. ಅವರಿಗೆ ಪೂರ್ತಿ ಅಂಕ.

ಪ್ರಾಜೆಕ್ಟಿನ ಹೆಸರು 'ಅಸಾಧಾರಣ ಸೃಜನಶೀಲರ ಮನಸ್ಸು'. ವೆಂಕಣ್ಣ ಸರ್ ನಿವೃತ್ತರಾದ ಮೇಲೆ ಧಾರವಾಡದಲ್ಲಿ ಈ ಸಂಸ್ಥೆ ತೆರೆದದ್ದೇ ಇದಕ್ಕಾಗಿ. ನಾನು ರಿಸರ್ಚ್ ಅಸಿಸ್ಟಂಟ್. ಅಂದರೆ ರೆಕಾರ್ಡರ್ ಹಿಡಿಯುವುದು, ಕೇಳಿ ಬರೆಯುವುದು, ಸರ್ ಚಹಾಕ್ಕೆ ಸಕ್ಕರೆ ಬೇಡ ಎಂದು ಊರೆಲ್ಲ ಹೇಳಿಕೊಂಡು ತಿರುಗುವುದು. ಸೈಕಾಲಜಿ ಎಂ.ಎ. ಮಾಡಿದ್ದು ಇದಕ್ಕೇ ಏನೋ.

ಸರ್ ಬಳಿ ಉತ್ತರ ಮೊದಲೇ ತಯಾರಿದೆ. 'ಗಾಯವಿಲ್ಲದೆ ಕಲೆಯಿಲ್ಲ.' ಕಲೆ ಎಂದರೆ ಗಾಯದ ಕಲೆ, ಕಲೆ ಎಂದರೆ ಆರ್ಟ್. ಈ ಮಾತನ್ನು ಪ್ರತಿ ಭಾಷಣದಲ್ಲೂ ಹೇಳಿ, ಜನಕ್ಕೆ ಹೊಳೆಯುವ ತನಕ ನಿಂತು ಕಾಯುತ್ತಾರೆ. ಹೊಳೆಯದಿದ್ದರೆ ಬಿಡಿಸಿ ಹೇಳುತ್ತಾರೆ. ಮೊದಮೊದಲು ನನಗೂ ಚೆಂದವೆನಿಸಿತ್ತು. ಈಗ ಆ ಮಾತು ಶುರುವಾದರೆ ರೆಕಾರ್ಡರಿನ ಬ್ಯಾಟರಿ ನೋಡುತ್ತ ಕೂರುತ್ತೇನೆ.

ಕಾಸಿಮಸಾಬರನ್ನು ಇವತ್ತು ಪಟ್ಟಿಯಿಂದ ತೆಗೆದರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಯಂತ್ರವನ್ನು ಯಾರೂ ಹೇಳಿಕೊಡದೆ ತಾವೇ ಕಟ್ಟಿದವರು. ಬಾಲ್ಯ ಹೆಂಗಿತ್ತು ಎಂದು ಸರ್ ಕೇಳಿದರೆ ಛಲೋ ಇತ್ರಿ ಎಂದರು. ತಂದೆ ಹೊಡೀತಿದ್ರೇನು ಎಂದರೆ ಇಲ್ರಿ, ನಗಸ್ತಿದ್ದ ಎಂದರು. ಸರ್ ಪೆನ್ನು ಮುಚ್ಚಿದರು. ಡೇಟಾ ವೀಕ್ ಅಂತೆ.

ಜನವರಿ 19

ಇವತ್ತಿನದನ್ನು ಬರೆದಿಡಲೇಬೇಕು. ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ಗೋಪನಕೊಪ್ಪದಲ್ಲಿ ಬಸಣ್ಣನ ಸ್ಟುಡಿಯೋ. ಮೊದಲು ಹತ್ತಿಯ ಗೋದಾಮು ಆಗಿತ್ತಂತೆ. ಊರು ಗರಗ, ಪೇಂಟಿಂಗಿನ ಕೆಳಗೆ 'ಬಸು ಗರಗ' ಎಂದು ಸಹಿ. ಮುಂಬೈ ತನಕ ಹೆಸರಿದೆ. ಒಳಗೆ ಟರ್ಪಂಟೈನ್ ವಾಸನೆ, ತೊಳೆಯದ ಚಹಾ ಕಪ್ಪು, ಒಂದರಲ್ಲಿ ಸಿಗರೇಟು ಅದ್ದಿ ಆರಿಸಿದ್ದಾನೆ. ಅದೇ ರಾಶಿಯಿಂದ ಒಂದು ಕಪ್ಪು ತೆಗೆದು ಜಾಡಿಸಿ ನನಗೆ ಚಹಾ ಕೊಟ್ಟ. ಕುಡಿಯಲಿಲ್ಲ.

ಸರ್ ಗಾಯ ಹುಡುಕಲು ಕೂತರು. ಬಡತನ? ಅಷ್ಟೇನಿಲ್ರಿ. ಅಪ್ಪ? ನಾ ಕಾಲೇಜಿನ್ಯಾಗಿದ್ದಾಗ ಹೋದ್ರು, ಸಂಭಾವಿತ ಮನುಷ್ಯಾರು. ಯಾರಾದರೂ ಅವಮಾನ ಮಾಡಿದ್ದು? ನೆನಪಿಲ್ರಿ. ಸರ್ ಮುಖ ಇಳಿಯುತ್ತ ಬಂತು. ಇವನೂ ಕಾಸಿಮಸಾಬರ ದಾರಿ ಹಿಡಿದ ಎಂದುಕೊಂಡೆ. ಅಷ್ಟರಲ್ಲಿ ಸೆಖೆಯೆಂದು ಬಸಣ್ಣ ಬನಿಯನ್ ಎತ್ತಿ ಹೊಟ್ಟೆಗೆ ಗಾಳಿ ಹಾಕಿಕೊಂಡ. ಹೊಕ್ಕುಳದ ಪಕ್ಕ ಸುಟ್ಟ ಗುರುತುಗಳು.

ಅದೇನು ಎಂದರು ಸರ್.

"ಬರಿ ರೀ. ಸಣ್ಣ ಕೂಸಿದ್ದಾಗ ಅವ್ವ ಹಾಕ್ಸಿದ್ಳು."

ನನಗೆ ತಕ್ಷಣ ತಿಳಿಯಿತು. ಕೂಸಿಗೆ ಕಣ್ಣು ಹಳದಿಯಾಗಿ ಕಾಮಣಿಯಾದರೆ ಹಿಂದೆ ಹಳ್ಳಿಗಳಲ್ಲಿ ಸೂಜಿ ಕಾಯಿಸಿ ಹೊಟ್ಟೆಗೆ ಮುಟ್ಟಿಸುತ್ತಿದ್ದರು. ನಮ್ಮ ಮಾಮುವಿನ ಹೊಟ್ಟೆಯ ಮೇಲೂ ಇದೆ. ಸರ್ ಧಾರವಾಡದ ಡಾಕ್ಟರ ಮಗ, ಇಂಗ್ಲಿಷ್ ಸಾಲಿ. ಅವರು ಕೇಳಿ ಬೆಳೆದದ್ದು ಒಂದೇ ಬರೆ — ಹಟ ಮಾಡಿದರೆ ಬರೆ ಹಾಕುತ್ತೇನೆ ಎಂದು ತಾಯಂದಿರು ಹೆದರಿಸುತ್ತಾರಲ್ಲ, ಅದು. ಪೆನ್ನು ಥಟ್ಟನೆ ಮೇಲೆದ್ದಿತು.

"ಯಾಕ್ರಿ? ನೀವೇನು ತಪ್ಪು ಮಾಡಿದ್ರಿ?"

ಬಸಣ್ಣ ಬಾಯಿ ತೆರೆದ. ಕಾಮಣಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನೋಡಿದೆ ನಾನು. ಆಗ ಅವನ ಕಣ್ಣು ಸರ್ ಪೆನ್ನಿನ ಮೇಲೆ ಬಿತ್ತು. ಬಾಯಿ ಮುಚ್ಚಿದ. ಬನಿಯನ್ ನಿಧಾನ ಕೆಳಗಿಳಿಸಿದ.

"ಅಳತಿದ್ನ್ಯಂತ್ರಿ," ಎಂದ. "ಅಷ್ಟಽ ತಪ್ಪು."

ಆಮೇಲೆ ಒಂದೊಂದೇ ಬಂತು. ಒಲೆ ಬಂತು. ಇಕ್ಕಳ ಬಂತು. ಬೆಂಕಿಯ ಬೆಳಕಿನಲ್ಲಿ ಕೆಂಪಾದ ಅವ್ವನ ಮುಖ ಬಂತು. ತಿಂಗಳ ಕೂಸಿಗೆ ಇದೆಲ್ಲ ಹೇಗೆ ನೆನಪಿರುತ್ತದೆ ಎಂದು ಯಾರೂ ಕೇಳಲಿಲ್ಲ, ಕೇಳುವ ಹೊತ್ತಿಗೆ ಕೂಸು ಐದು ವರ್ಷದ ಹುಡುಗನಾಗಿತ್ತು. ಕೊನೆಗೆ ಬಸಣ್ಣ ಅತ್ತ. ನಿಜವಾಗಿ ಅತ್ತ, ಮೂಗು ಸೋರಿತು. ಸರ್ ತಮ್ಮ ಕರ್ಚೀಫು ಕೊಟ್ಟರು.

ಒಂದು ವರ್ಷದಿಂದ ಇಟ್ಟಂಗಿ ಹೊತ್ತು ತಿರುಗಿದ್ದೇನೆ. ಇಲ್ಲದ್ದು ಹುಟ್ಟುವುದನ್ನು ಕಣ್ಣಾರೆ ನೋಡಿದ್ದು ಇವತ್ತೇ. ಮೈ ಜುಮ್ಮೆಂದಿತು. ಅದರ ಹಿಂದೆಯೇ ಅಸಹ್ಯ ಬಂತು. ಹೆತ್ತ ತಾಯಿಯನ್ನು ಒಂದು ಚಹಾ ಆರುವಷ್ಟರಲ್ಲಿ ರಾಕ್ಷಸಿ ಮಾಡಿಬಿಟ್ಟನಲ್ಲ.

ವಾಪಸು ಬರುವಾಗ ಕಾರಿನಲ್ಲಿ ಸರ್‌ಗೆ ಹೇಳಿದೆ. ಅದು ಶಿಕ್ಷೆಯಲ್ಲ, ಔಷಧ ಎಂದು. ಹಿಂಸೆಗೆ ಸಮಾಜ ಯಾವಾಗಲೂ ಔಷಧವೆಂದೇ ಹೆಸರಿಡುತ್ತದೆ ಎಂದರು. ಮಾತು ಪೂರ್ತಿ ತಪ್ಪೂ ಅಲ್ಲ, ಅದೇ ಸಿಟ್ಟು ನನಗೆ. ತಪ್ಪು ಜಾಗದಲ್ಲಿ ಸರಿ ಮಾತು ಹೇಳುವುದರಲ್ಲಿ ಸರ್ ನಿಸ್ಸೀಮರು.

ಜನವರಿ 27

ಗರಗಕ್ಕೆ ಹೋಗಿದ್ದೆ, 'ಕುಟುಂಬದ ಡೇಟಾ' ತರಲು. ಮನೆಯಿಂದ ಚಿಗರಿ ಸಿಟಿ ಬಸ್ಸಿನಲ್ಲಿ ಧಾರವಾಡ, ಅಲ್ಲಿಂದ ಕೆಂಪು ಬಸ್ಸು.

ಬಸಣ್ಣನ ತಾಯಿ ಮುರಿಗೆವ್ವ ಮಗಳು ದುರಗವ್ವನ ಮನೆಯಲ್ಲಿದ್ದಾಳೆ. ಹೋದಾಗ ಪಕ್ಕದ ಮನೆಯ ಬಚ್ಚಲಲ್ಲಿ ಕೂಸಿಗೆ ನೀರು ಎರೆಯುತ್ತಿದ್ದಳು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ. ಕೂಸು ಚೀರುವ ಬದಲು ಕಣ್ಣು ತೇಲಿಸಿತ್ತು. ಅಜ್ಜಿ ಹಾಡುತ್ತಿದ್ದಳು. ಕೆಂಪು ಕಿವಿಯ ಗೌಡ ಬಂದಾನ, ಟಿಕೇಟ ತಗೀದಽ ಇಳದಾನ... ಹೀಗೇನೋ. ಈ ಹಾಡು ಎಲ್ಲಿಯದು ಎಂದರೆ ನಕ್ಕಳು. ಒಂದೊಂದು ಕೂಸಿಗೆ ಒಂದೊಂದು ಹಾಡು ಕಟ್ಟುತ್ತಾಳಂತೆ. ಒಬ್ಬರದು ಇನ್ನೊಬ್ಬರಿಗೆ ಹಾಡಿದರೆ ಕೂಸಿಗೆ ಗೊತ್ತಾಗುತ್ತದಂತೆ.

ಆ ಓಣಿಯ ಎಳೆಯ ಕೂಸುಗಳೆಲ್ಲ ಇವಳ ಕಾಲ ಮೇಲೆ ಮಲಗಿ ಎದ್ದವೇ. ಚಹಾ ಕುಡಿಯುವಷ್ಟರಲ್ಲಿ ಇಬ್ಬರು ಬಾಣಂತಿಯರು ಕೂಸು ತಂದು ತೋರಿಸಿ ಹೋದರು. ಹೊಟ್ಟೆ ಉಬ್ಬಿದೆಯಾ, ನೆತ್ತಿ ಕೂಡಿದೆಯಾ ಎಂದು. ಅಜ್ಜಿ ಅಂಗೈ ಇಟ್ಟು ನೋಡುತ್ತಾಳೆ. ಆ ಹೊತ್ತಿಗೆ ಅವಳ ಮುಖ ನೋಡಬೇಕು. ಊರಲ್ಲಿ ಅವಳಿಗಿರುವ ಮರ್ಯಾದೆಯೆಲ್ಲ ಆ ಎರಡು ಕೈಯದು.

ಬರೆಯ ವಿಷಯ ಕೇಳಿದೆ. ರೆಕಾರ್ಡರ್ ಆನ್ ಇತ್ತು.

"ಕಣ್ಣ ಅರಿಷಿಣ ಆಗಿದ್ವು ಯವ್ವಾ. ಹಾಲ ಮುಟ್ಟಲಿಲ್ಲ ಅಂವ. ದವಾಖಾನಿ ಎಲ್ಲಿತ್ತು ಆವಾಗ? ಮುದುಕಪ್ಪ ಒಬ್ಬಾಂವ ಬಂದ ಸೂಜಿಲೆ ಬರಿ ಹಾಕಿದ. ಕಾಲ ಹಿಡಕೊಂಡಾಕಿ ನಾನಽ. ಮಾರಿ ಆಚೀಕ ತಿರುವಿದ್ದೆ."

ಈಗ ಯಾರಾದರೂ ಬರೆ ಹಾಕಿಸುತ್ತೇನೆ ಎಂದು ಬಂದರೆ ಬೈದು ದವಾಖಾನೆಗೆ ಅಟ್ಟುತ್ತಾಳೆ. ಅವತ್ತಿನ ಚೀರು ಇನ್ನೂ ಕಿವಿಯಲ್ಲಿದೆ ಎಂದಳು. ಇಷ್ಟೂ ಟೈಪ್ ಮಾಡಿ ಸರ್ ಟೇಬಲ್ಲಿಗೆ ಇಟ್ಟೆ. ಓದಿದರು. ಅಂಚಿನಲ್ಲಿ ಒಂದೇ ಶಬ್ದ ಬರೆದು ಕೊಟ್ಟರು — ಡಿನಾಯಲ್.

ಫೆಬ್ರವರಿ 20

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಇಟ್ಟಂಗಿ, ಚಹಾ, ಬಸ್ಸು. ತಂಗಿ ಸುಲ್ತಾನಾ ಹೆರಿಗೆಗೆಂದು ಮನೆಗೆ ಬಂದಿದ್ದಾಳೆ. ಅವಳ ಕಾಲು ಬಾತು ಚಪ್ಪಲಿಗೆ ಹಿಡಿಸುತ್ತಿಲ್ಲ. ಅಬ್ಬಾ ಗ್ಯಾರೇಜಿನಿಂದ ದಿನಾ ಏನಾದರೂ ತಿನ್ನಲು ತರುತ್ತಾರೆ, ಅಮ್ಮಿ ಅದನ್ನು ಗರ್ಭಿಣಿ ತಿನ್ನಬಾರದೆಂದು ತಾನೇ ತಿನ್ನುತ್ತಾಳೆ.

ಇವತ್ತು ಸರ್ ಜೊತೆ ಮತ್ತೆ ಗೋಪನಕೊಪ್ಪ. ಬಸಣ್ಣನ ಹೊಸ ಸರಣಿ. ಹೆಸರು 'ಬರೆ'.

ತಾಯಿ ಎಷ್ಟೋ ವರ್ಷ ನೂತು ನೇಯಿಸಿ ಪೆಟ್ಟಿಗೆಯಲ್ಲಿಟ್ಟಿದ್ದ ಖಾದಿಯ ಥಾನುಗಳನ್ನು ಕೇಳಿ ತಂದಿದ್ದಾನೆ. ಅವಳು ಖುಷಿಯಿಂದ ಕೊಟ್ಟಳಂತೆ, ಮಗ ಅಂಗಿ ಹೊಲಿಸಿಕೊಳ್ಳುತ್ತಾನೆಂದು. ಸೂರಿನಿಂದ ನೆಲದ ತನಕ ಇಳಿಬಿಟ್ಟ ಬಿಳಿ ಬಟ್ಟೆ, ಅದರ ಮೇಲೆ ಕಾಯಿಸಿದ ಕಬ್ಬಿಣದ ಗುರುತು. ಮೊದಲಿನ ಬಟ್ಟೆಯಲ್ಲಿ ನಾಲ್ಕೇ, ಕೂಸಿನ ಹೊಟ್ಟೆಯಷ್ಟು ಜಾಗದಲ್ಲಿ. ಆಮೇಲಾಮೇಲೆ ಗುರುತು ಬೆಳೆಯುತ್ತ, ಬಟ್ಟೆಯೇ ಹರಿಯುವಷ್ಟಾಗಿ, ಕೊನೆಯದರಲ್ಲಿ ಒಂದೂ ಇಲ್ಲ. ಖಾಲಿ ಬಟ್ಟೆ. ಅದರ ಕೆಳಗಿನ ಅಂಚು ಮಾತ್ರ ಮುದ್ದೆಯಾಗಿತ್ತು, ಯಾರೋ ಹೊತ್ತುಗಟ್ಟಲೆ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ ಗುರುತು.

ಅತ್ತುಬಿಟ್ಟೆ. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಬಂದೆ.

ಛೀ. ಇಡೀ ಗೋದಾಮಿನಲ್ಲಿ ಅದು ಸುಳ್ಳೆಂದು ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ. ಆದರೂ ಅಳು ಬಂತು. ಕೆಲಸ ಕೆಟ್ಟದಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಇಲ್ಲ, ಅದ್ಭುತವಾಗಿದೆ. ಇಷ್ಟು ಕೊಳಕು ಜಾಗದಿಂದ ಇಷ್ಟು ಚೆಂದದ್ದು ಬರುತ್ತದೆಂದರೆ ಯಾವ ಪುಸ್ತಕದಲ್ಲಿ ಓದಿದ್ದನ್ನು ನಂಬಲಿ. ಮನೆಗೆ ಬಂದು ಎರಡೆರಡು ಸಲ ಮುಖ ತೊಳೆದೆ, ಸುಟ್ಟ ನೂಲಿನ ವಾಸನೆ ಹೋಗಲಿಲ್ಲ.

ಮಾರ್ಚ್ 5

ಸರ್ ಈ ಪ್ರಾಜೆಕ್ಟಿನ ಮೇಲೆ ಬರೆದ ಪುಸ್ತಕದ ಬಿಡುಗಡೆ ಇಪ್ಪತ್ನಾಲ್ಕಕ್ಕೆ. ಅದೇ ಸಭಾಂಗಣದಲ್ಲಿ ಬಸಣ್ಣನ ಪ್ರದರ್ಶನ. ಅಷ್ಟಾದರೆ ಹೇಗೋ ನುಂಗುತ್ತಿದ್ದೆ.

ಮುರಿಗೆವ್ವನನ್ನು ವೇದಿಕೆಗೆ ಕರೆಸುತ್ತಾರಂತೆ. ಎಲ್ಲರ ಮುಂದೆ ಮಗ ತಾಯಿಯನ್ನು ಕ್ಷಮಿಸುತ್ತಾನಂತೆ. ಅದು ಹೀಲಿಂಗ್ ಅಂತೆ. ವಿಡಿಯೋದವರಿಗೆ ಈಗಾಗಲೇ ಹೇಳಿಯಾಗಿದೆ. ಮುದುಕಿಗೆ ಮಾತ್ರ ಹೇಳಿಲ್ಲ. ಸನ್ಮಾನ, ಶಾಲು ಹೊದಿಸುತ್ತಾರೆ ಎಂದಷ್ಟೇ ದುರಗವ್ವನಿಗೆ ಫೋನು ಮಾಡಿದ್ದಾರೆ. ಮೊದಲೇ ಹೇಳಿದರೆ ರಿಯಾಕ್ಷನ್ ಸಹಜವಾಗಿ ಬರುವುದಿಲ್ಲ ಎಂದರು ಸರ್. ಹೇಳುವಾಗ ಪೇಡೆ ತಿನ್ನುತ್ತಿದ್ದರು, ಬೆರಳಿಗೆ ಅಂಟಿದ್ದನ್ನು ನೆಕ್ಕಿಕೊಂಡರು. ನೋಡಲಾಗದೆ ಕಿಟಕಿಯ ಕಡೆ ತಿರುಗಿದೆ.

ಗರಗಕ್ಕೆ ಕಾರು ತೆಗೆದುಕೊಂಡು ಹೋಗಿ ಅವಳನ್ನು ಕರೆತರುವ ಕೆಲಸ ನನಗೆ. ಆಗುವುದಿಲ್ಲ ಎನ್ನಬೇಕಿತ್ತು. ತಿಂಗಳ ಕೊನೆಗೆ ನನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತದೆ, ಸರ್ ಸಹಿ ಬೇಕು. ಆಯ್ತು ಸರ್ ಎಂದೆ.

ಆ ಓಣಿಯ ಒಬ್ಬಳೇ ಒಬ್ಬ ಬಾಣಂತಿ ಆ ವಿಡಿಯೋ ನೋಡಿದರೆ ಸಾಕು. ಇದನ್ನು ಸರ್‌ಗೂ ಹೇಳಿದೆ. ಕೂಸಿಗೆ ಎರೆಯುವುದು ಅವಳ ಬದುಕು ಸರ್, ಕೂಸನ್ನು ಸುಟ್ಟವಳು ಎಂದರೆ ಯಾರು ಕೈಗೆ ಕೊಡುತ್ತಾರೆ ಎಂದು. ಗಿಲ್ಟ್ ತೀರಿಸಿಕೊಳ್ಳಲೆಂದೇ ಅವಳು ಬೇರೆಯವರ ಕೂಸುಗಳಿಗೆ ಎರೆಯುತ್ತಿದ್ದಾಳೆ, ಇದು ಬಹಳ ಮುಖ್ಯ ಪಾಯಿಂಟು, ಬರೆದಿಡಿ ಎಂದರು.

ಮಾರ್ಚ್ 17, ಮಧ್ಯಾಹ್ನ 3

ರೋಜಾ, ರಂಜಾನಿನ ಉಪವಾಸ. ನಾಲಿಗೆ ಒಣಗಿದೆ, ಸಿಟ್ಟು ಒಣಗಿಲ್ಲ.

ಬಸಣ್ಣನಿಗೆ ಫೋನು ಮಾಡಿದೆ. ಕಾಮಣಿಗೆ ಹಾಕಿದ ಬರೆ ಅದು ಎಂದು ನಿಮಗೂ ಗೊತ್ತು, ನನಗೂ ಗೊತ್ತು, ಆ ತಾಯಿಯನ್ನು ಬಿಡಿ ಎಂದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಶಾಂತವಾಗಿ ಕೇಳಿಸಿಕೊಂಡ.

"ಬರಿ ಹಾಕಿದ್ದು ಖರೇನಽ ಅಲ್ರಿ? ಔಷಧ ಅಂತ ದೊಡ್ಡವ್ರಿಗೆ ಗೊತ್ತು. ಕೂಸಿಗೆ ಏನ್ ಗೊತ್ತಿತ್ತು? ಬೆಂಕಿ ಗೊತ್ತಿತ್ತು, ಕಾಲ ಹಿಡದ ಕೈ ಗೊತ್ತಿತ್ತು. ನಾ ಕೂಸಿನ ಕಡಿಂದ ಹೇಳಾಕತ್ತೇನಿ."

ಇಕ್ಕಳ ಎಲ್ಲಿಂದ ಬಂತು ಎಂದೆ. ಅದು ಕೆಲಸಕ್ಕೆ ಬೇಕಾಗಿತ್ತು ಎಂದ. ತಾಯಿಗೆ ಮೊದಲೇ ಹೇಳಿ ಎಂದೆ. ಅವ್ವ ತನ್ನ ಮೇಲೆ ಯಾವತ್ತೂ ಸಿಟ್ಟಾಗಿಲ್ಲ, ಆಗುವುದೂ ಇಲ್ಲ ಎಂದ. ಫೋನಿಟ್ಟೆ. ಮೂರ್ಖನಾಗಿದ್ದರೆ ಎಷ್ಟು ಸುಲಭವಿತ್ತು. ಸುಟ್ಟದ್ದು ನಿಜ, ಕೂಸು ಚೀರಿದ್ದು ನಿಜ, ಅದರ ನಡುವೆ ಅವನು ಕಟ್ಟಿದ ತಾಯಿ ಮಾತ್ರ ಸುಳ್ಳು.

ಮಾರ್ಚ್ 24, ಸಂಜೆ, ಇಫ್ತಾರ್ ಆದ ಮೇಲೆ

ಖರ್ಜೂರ ಒಂದೇ ತಿಂದು ಎದ್ದೆ. ಬರೆದು ಮುಗಿಸುತ್ತೇನೆ.

ಮುರಿಗೆವ್ವ ಹೊಸ ಇಲಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ತಯಾರಾಗಿ ಕೂತಿದ್ದಳು. ಓಣಿಯ ಹೆಂಗಸರು ಕಾರಿನ ತನಕ ಬಂದು ಕಳಿಸಿದರು. ಊರು ದಾಟಿದ ಮೇಲೆ ಹೇಳಿದೆ. ಎಲ್ಲಾ ಹೇಳಿದೆ. ಬಸಣ್ಣ ಏನೆಂದಿದ್ದಾನೆ, ಪುಸ್ತಕದಲ್ಲಿ ಏನಿದೆ, ವೇದಿಕೆಯ ಮೇಲೆ ಏನಾಗುತ್ತದೆ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. ಇಲ್ಲೇ ತಿರುಗಿಸಲಾ ಅಜ್ಜಿ, ನೀವು ಹೂಂ ಅನ್ರಿ ಸಾಕು ಎಂದೆ.

ಸೆರಗಿನ ಅಂಚು ಸರಿಮಾಡಿಕೊಂಡಳು. ಆಮೇಲೆ ಕೇಳಿದಳು.

"ನಾ ಹಂಗ ಮಾಡಿಲ್ಲಂದ್ರ ಬಸೂಗ ಏನಾಕ್ಕೈತಿ?"

ಜನ ನಗುತ್ತಾರೆ, ಸುಳ್ಳುಗಾರ ಎಂದು ಪೇಪರಿನಲ್ಲಿ ಬರೆಯುತ್ತಾರೆ ಎಂದೆ. ತಲೆಯಾಡಿಸಿದಳು. ಅವನು ಏನೇನು ಹೇಳಿದ್ದಾನೆ ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಇಕ್ಕಳವಾ ಎಂದು ಕೇಳಿದಳು. ಇಕ್ಕಳ ಎಂದೆ. ಅಷ್ಟೇ. ಕಾರು ತಿರುಗಿಸು ಎನ್ನಲಿಲ್ಲ.

ಸಭಾಂಗಣ ತುಂಬಿತ್ತು. ಸರ್ 'ಗಾಯವಿಲ್ಲದೆ ಕಲೆಯಿಲ್ಲ' ಹೇಳಿ ಕಾದರು, ಜನ ಚಪ್ಪಾಳೆ ಹೊಡೆದರು. ಬಸಣ್ಣ ತಾಯಿಯ ಮುಂದೆ ಮೊಣಕಾಲೂರಿ ಕೂತ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲಬೇ ಎಂದ. ಕ್ಯಾಮೆರಾದವನು ಅವಳ ಮುಖಕ್ಕೇ ಹೋದ. ಸರ್ ಅವಳ ಕೈಗೆ ಮೈಕು ಕೊಟ್ಟರು.

ಅವಳು ಮೈಕನ್ನು ಸ್ವಲ್ಪ ಹೊತ್ತು ನೋಡಿದಳು.

"ಹೌದ್ರಿ," ಎಂದಳು. "ನಾನಽ ಸುಟ್ಟೆ."

ಮುಂದಿನದನ್ನು ನಾನು ಹೇಗೆ ಬರೆಯಲಿ. ಅವತ್ತು ಹಸಿ ಕಟ್ಟಿಗೆಯಂತೆ, ಒಲೆ ಹತ್ತದೆ ಮನೆಯೆಲ್ಲ ಹೊಗೆಯಂತೆ. ಅತ್ತೆ ಹೊರಗಿನಿಂದ ಬೈಯುತ್ತಿದ್ದಳಂತೆ. ಹಂಚಿನ ಮೇಲೆ ರೊಟ್ಟಿ ಸೀದು, ಇವನು ಸೆರಗು ಹಿಡಿದು ಜಗ್ಗುತ್ತಿದ್ದನಂತೆ. ಇಕ್ಕಳ ಕೈಯಲ್ಲಿತ್ತಂತೆ, ತಾನು ಎತ್ತಿಕೊಂಡದ್ದಲ್ಲ, ಮೊದಲೇ ಇತ್ತಂತೆ. ಐದು ವರ್ಷದವನಿದ್ದ, ಆ ಹೊಗೆಯಲ್ಲಿ ನನಗೆ ತಿಂಗಳ ಕೂಸಿನ ಹಾಗೆ ಕಂಡ ಎಂದಳು. ಮಗನ ಕತೆಯಲ್ಲಿದ್ದ ತೂತನ್ನು, ಸರ್ ಕಣ್ಣಿಗೂ ಬೀಳದ ತೂತನ್ನು, ಒಂದೇ ಮಾತಿನಲ್ಲಿ ಹೊಲಿದುಬಿಟ್ಟಳು. ಸುಟ್ಟ ಮೇಲೆ ಅವನು ಅಳಲಿಲ್ಲ, ಅವನ ಬದಲು ರೊಟ್ಟಿ ಚುರುಗುಟ್ಟುವುದು ಕೇಳುತ್ತಿತ್ತು ಎಂದು ಮೈಕು ಕೆಳಗಿಟ್ಟಳು.

ಬಸಣ್ಣ ಬಾಯಿ ತೆರೆದು ತಾಯಿಯನ್ನೇ ನೋಡುತ್ತಿದ್ದ. ಅವನೂ ಮೊದಲ ಸಲ ಕೇಳುತ್ತಿದ್ದ.

ಅಸಾಧಾರಣ ಸೃಜನಶೀಲತೆ ಎಲ್ಲಿಂದ ಬರುತ್ತದೆ. ಇಷ್ಟು ದಿನ ಹುಡುಕಿದ ಉತ್ತರ ವೇದಿಕೆಯ ಮೇಲೆ ಶಾಲು ಹೊದ್ದು ಕೂತಿತ್ತು. ಸರ್ ಅದರ ಪಕ್ಕದಲ್ಲೇ ನಿಂತು, ತಮ್ಮ ಥಿಯರಿ ಸಾಬೀತಾಯಿತೆಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಎದ್ದು ಹೊರಗೆ ಬಂದು ಗೋಡೆಯ ಪಕ್ಕ ವಾಂತಿ ಮಾಡಿದೆ. ಖಾಲಿ ಹೊಟ್ಟೆ, ಬರೀ ಕಹಿ.

ವಾಪಸು ಹೋಗುವಾಗ ಅಜ್ಜಿ ಅವರು ಕೊಟ್ಟ ಉಪ್ಪಿಟ್ಟಿನ ಪೊಟ್ಟಣ ಬಿಚ್ಚಿ ತಿಂದಳು. ನನಗೂ ನೀಡಿದಳು, ರೋಜಾ ಎಂದ ಮೇಲೆ ನಾಚಿ ಮಡಚಿಟ್ಟಳು.

"ಛಲೋ ಹೇಳಿದ್ನೇನವ್ವಾ?"

ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ದನಿ ಜೋರಾಗಿಯೇ ಬಂತು. ಹೊರಗೆ ನೋಡುತ್ತ ಹೇಳಿದಳು, ಅಂವ ಹೇಳಿದ್ದು ಅರ್ಧಕ್ಕ ನಿಂತಿತ್ತು, ಮಂದಿ ಮುಂದ ಹಂಗ ಬಿಡಬಾರದು. ಮಗನ ಮೇಲಿನ ಮಮತೆಯೋ, ಕತೆ ಅರ್ಧಕ್ಕೆ ನಿಂತರೆ ತಡೆಯಲಾಗದ ಚಟವೋ. ಅವಳಿಗೂ ಗೊತ್ತಿರಲಿಕ್ಕಿಲ್ಲ. ಆಮೇಲೆ ನಮ್ಮ ಮನೆಯ ವಿಚಾರ ಕೇಳಿದಳು. ಸುಲ್ತಾನಾಗೆ ದಿನ ತುಂಬುತ್ತ ಬಂತು ಎಂದೆ. ಹಡೆದ ಕೂಡಲೆ ಹೇಳು, ಬಂದು ನಾಲ್ಕು ದಿನ ಇದ್ದು ಎರೆದು ಹೋಗುತ್ತೇನೆ ಎಂದು ನನ್ನ ಕೈ ಹಿಡಿದಳು. ಮೆತ್ತಗಿನ ಕೈ. ಬರ್ರಿ ಅಜ್ಜಿ ಎಂದೆ.

ಏಪ್ರಿಲ್ 3

ವಿಡಿಯೋ ಎಲ್ಲರ ಫೋನಿನಲ್ಲೂ ಇದೆ. ಬಸ್ಸಿನಲ್ಲಿ ಪಕ್ಕದ ಸೀಟಿನವಳು ನೋಡಿ ಮೂಗೊರೆಸಿಕೊಳ್ಳುತ್ತಿದ್ದಳು. ಕೆಳಗೆ ಕಾಮೆಂಟುಗಳು. ಇಂಥಾ ತಾಯಿ ಇದ್ದರೆಷ್ಟು ಬಿಟ್ಟರೆಷ್ಟು. ಪಾಪಿ ಮುದುಕಿ. ಬಸು ಸರ್, ನಿಮ್ಮ ದೊಡ್ಡ ಮನಸ್ಸಿಗೆ ನಮಸ್ಕಾರ.

ಬಸಣ್ಣನಿಗೆ ದಿಲ್ಲಿಯಿಂದ ಕರೆ ಬಂದಿದೆ. ನನ್ನ ಕಾಂಟ್ರ್ಯಾಕ್ಟ್ ಮುಂದುವರಿದಿದೆ.

ದುರಗವ್ವನ ಫೋನು ಬಂತು. ಅವ್ವನನ್ನು ಯಾರೂ ಕರೆಯುತ್ತಿಲ್ಲ. ಪಕ್ಕದ ಮನೆಯವರು ಹಳಿಯಾಳ ರಸ್ತೆಯ ಯಾರನ್ನೋ ಗೊತ್ತುಮಾಡಿದ್ದಾರೆ. ಓಣಿಯಲ್ಲಿ ಎದುರಾದರೆ ಕೂಸಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಹೋಗುತ್ತಾರೆ. ನೀವು ನಿಜ ಹೇಳಿ ಎಂದೆ.

"ಹೇಳಿದ್ನಿ ರೀ. ಆಕಿನಽ ಮೈಕಿನ್ಯಾಗ ಹೇಳ್ಯಾಳಲ್ಲ ಅಂತಾರ."

ಸರ್ ಬಳಿ ಹೋದೆ. ಜನವರಿಯಲ್ಲಿ ಗರಗದಲ್ಲಿ ಅಜ್ಜಿ ಮಾತಾಡಿದ ರೆಕಾರ್ಡಿಂಗ್ ಹೊರಗೆ ಬಿಡೋಣ, ಅದರಲ್ಲಿ ಕಾಮಣಿಯ ಮಾತಿದೆ ಎಂದೆ. ಮೊದಲು ಡಿನಾಯಲ್, ಆಮೇಲೆ ಕನ್ಫೆಶನ್, ಎರಡೂ ಕ್ರಮವಾಗಿಯೇ ಇವೆಯಲ್ಲ ಎಂದರು. ಎರಡನೇ ಆವೃತ್ತಿಗೆ ಸೇರಿಸುತ್ತಾರಂತೆ. ನಿಮ್ಮ ಕೆಲಸ ಬಹಳ ಚೆನ್ನಾಗಿತ್ತು ಎಂದು ಬೆನ್ನು ತಟ್ಟಿದರು. ಬೆನ್ನು ಇನ್ನೂ ಕಡಿಯುತ್ತಿದೆ.

ಏಪ್ರಿಲ್ 9

ಸುಲ್ತಾನಾ ಹಡೆದಳು. ಹೆಣ್ಣು. ಕರ್ರನೆಯ ಕೂದಲು. ಅಬ್ಬಾ ದವಾಖಾನೆಯ ಕಾರಿಡಾರಿನಲ್ಲಿ ಗ್ರೀಸು ಹತ್ತಿದ ಅಂಗಿಯಲ್ಲೇ ಓಡಾಡಿ ಎಲ್ಲರಿಗೂ ಬಾಯಿ ಸಿಹಿ ಮಾಡಿಸಿದರು. ಇವತ್ತು ಬೇರೇನೂ ಬರೆಯುವುದಿಲ್ಲ.

ಏಪ್ರಿಲ್ 13

ಕೂಸು ಮನೆಗೆ ಬಂದಿದೆ. ಎರೆಯಲು ಯಾರು ಎಂಬ ಮಾತು ಬಂತು. ಮುರಿಗೆವ್ವ ಬರುತ್ತೇನೆ ಎಂದಿದ್ದಾಳೆ ಎಂದೆ.

ಅಮ್ಮಿಗೆ ಸಿಟ್ಟು ಬಂದರೆ ಮನೆಮಾತು ಬಿಟ್ಟು ಕನ್ನಡಕ್ಕಿಳಿಯುತ್ತಾಳೆ.

"ಆ ಸುಟ್ಟಾಕಿ? ಅಕಿ ಕೈಯಾಗ ನಮ್ಮ ಕೂಸ ಕೊಡೂದಾ?"

ಕೂರಿಸಿ ಹೇಳಿದೆ. ಕಾಮಣಿ, ಸೂಜಿ, ಮುದುಕಪ್ಪ, ಪೆನ್ನು, ಕಾರಿನಲ್ಲಿ ಕೇಳಿದ್ದು, ಎಲ್ಲ. ನಿನ್ನ ಅಣ್ಣನ ಹೊಟ್ಟೆಯ ಮೇಲೂ ಇದೆಯಲ್ಲ ಎಂದೆ. ಅಮ್ಮಿ ಕೊನೆಯ ತನಕ ಕೇಳಿದಳು. ನಂಬಿದಳು ಕೂಡ. ಹೌದು, ಆ ಮುದುಕಿ ಸುಟ್ಟಿರಲಿಕ್ಕಿಲ್ಲ ಎಂದಳು. ಆದರೆ ಅಷ್ಟು ಮಂದಿಯ ಮುಂದೆ, ಮಾಡದ್ದನ್ನು ಮಾಡಿದೆ ಎಂದು, ಕಣ್ಣ ಮುಂದೆ ಕಟ್ಟಿದ ಹಾಗೆ ಹೇಳಿದವಳು ಇನ್ನೇನು ಹೇಳಲಿಕ್ಕಿಲ್ಲ, ಇನ್ನೇನು ಮಾಡಲಿಕ್ಕಿಲ್ಲ ಎಂದು ಕೇಳಿದಳು. ಸುಲ್ತಾನಾ ಕೂಸನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

ಹೇಸಿಗೆ ಎಂದರೆ ಇದು. ಅಮ್ಮಿಯ ಮಾತು ಕೇಳಿ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೈಕು ಹಿಡಿದ ಅವಳ ಕೈ ನೆನಪಾಯಿತು, ಸ್ವಲ್ಪವೂ ನಡುಗದ ಕೈ. ಆ ಕೈಯಲ್ಲಿ ಕೂಸನ್ನು ಇಟ್ಟು ನೋಡಿದೆ, ಮನಸ್ಸಿನಲ್ಲೇ. ಬೇಗ ತೆಗೆದೆ.

ಏಪ್ರಿಲ್ 14, ಬೆಳಿಗ್ಗೆ 10

ಈಗಷ್ಟೇ ಫೋನು. ದುರಗವ್ವನ ನಂಬರು, ಮಾತಾಡಿದ್ದು ಮುರಿಗೆವ್ವ. ಹೆಣ್ಣು ಕೂಸು ಎಂದು ನಾನು ಹೇಳಿಕಳಿಸಿದ್ದನ್ನು ಕೇಳಿ ಬಹಳ ಖುಷಿಯಾಯಿತಂತೆ. ನಾಳೆ ಮೊದಲ ಬಸ್ಸಿಗೆ ಹೊರಡುತ್ತಾಳಂತೆ, ನಮ್ಮ ಬೆಂಗೇರಿಗೆ ಯಾವ ಸ್ಟಾಪಿನಲ್ಲಿ ಇಳಿಯಬೇಕು ಎಂದು ಕೇಳಿದಳು. ಎಣ್ಣೆ ಮನೆಯಿಂದಲೇ ತರುತ್ತಾಳಂತೆ, ಅಂಗಡಿಯದು ಬೇಡವಂತೆ. ದನಿಯಲ್ಲಿ ಎಷ್ಟೋ ದಿನದ ಮೇಲೆ ಕೆಲಸ ಸಿಕ್ಕ ಉತ್ಸಾಹ.

ಬಾಗಿಲಲ್ಲಿ ಅಮ್ಮಿ ನಿಂತಿದ್ದಳು, ಹೆಗಲ ಮೇಲೆ ಕೂಸು.

ನಾಳೆ ಬೇಡ ಅಜ್ಜಿ, ಎಂದೆ. ಕೂಸಿಗೆ ಸ್ವಲ್ಪ ಜ್ವರ, ಡಾಕ್ಟರು ಸದ್ಯ ನೀರು ಹಾಕಬೇಡಿ ಎಂದಿದ್ದಾರೆ. ಆಮೇಲೆ ಸುಲ್ತಾನಾಗೂ ಮೈ ಸರಿಯಿಲ್ಲ, ಮನೆಯಲ್ಲಿ ಪೇಂಟಿಂಗ್ ಕೆಲಸ ಬೇರೆ ನಡೆದಿದೆ. ಒಂದರ ಮೇಲೊಂದು ಬಂತು, ಒಂದಕ್ಕೊಂದು ಹೊಂದಲಿಲ್ಲ.

ಆ ಕಡೆ ಅಜ್ಜಿ ನಕ್ಕಳು. ಮೆಲ್ಲಗೆ, ಕೂಸಿನ ಜೊತೆ ಮಾತಾಡುವ ದನಿಯಲ್ಲಿ ಹೇಳಿದಳು.

"ನಿನಗ ಬರೂದಿಲ್ಲ ಬಿಡ ಯವ್ವಾ. ಜ್ವರ ಒಂದಽ ಅಂದಿದ್ರ ನಂಬತಿದ್ನಿ."

ಫೋನು ಇಡಲಿಲ್ಲ ಅವಳು. ಉಸಿರು ಕೇಳುತ್ತಿತ್ತು. ನಾನು ಅಮ್ಮಿಯ ಕಡೆ ನೋಡಿದೆ, ಅಮ್ಮಿ ಕೂಸನ್ನು ಒಳಗೆ ತೆಗೆದುಕೊಂಡು ಹೋದಳು. ಈಗಲಾದರೂ ಬರ್ರಿ ಎನ್ನಬಹುದಿತ್ತು, ಎರಡೇ ಅಕ್ಷರ. ಬಾಯಿ ತೆರೆದೆ, ಆಮೇಲೆ ನಾನು ಜ್ವರ ಒಂದೇ ಅಜ್ಜಿ ಎಂದು ಫೋನಿಟ್ಟೆ.